ಸುತ್ತೋಲೆ ಕೇರಿಗೂ ಬರಲಿ



ಶಾಲೆಗೆ ಅನುದಾನ ಬಂತು, ಎಸ್‌ಡಿಎಂಸಿ ಸದಸ್ಯರಿಗೆ ತರಬೇತಿ ಇದೆ, ವಸತಿ ಶಾಲೆಗೆ ಅರ್ಜಿ ಕರೆದಿದ್ದಾರೆ. ಇಂಥ ಸುದ್ದಿಯೆಲ್ಲ ಬಿಇಒ ಕಚೇರಿಯಿಂದ ಹೆಡ್‌ಮಾಸ್ಟರ್ ಮೊಬೈಲಿಗೆ ಬರುತ್ತೆ, ಅಲ್ಲಿಂದ ಅಧ್ಯಕ್ಷರ ಜಗಲಿಗೆ ಹೋಗುತ್ತೆ. ನಮ್ಮ ಕೇರಿಗೆ ಬರೋದು ಸಹಿ ಹಾಕೋ ಪುಸ್ತಕ ಮಾತ್ರ! ಗಡುವು ಮುಗಿದ ಮೇಲೆ "ನಿಮ್ಮೋರಿಗೆ ಆಸಕ್ತಿನೇ ಇಲ್ಲ" ಅನ್ನೋ ಮಾತು ಬೇರೆ.

2009ರ ಶಿಕ್ಷಣ ಹಕ್ಕು ಕಾಯ್ದೆಯ ಸೆಕ್ಷನ್ 21 ತೆಗೆದು ಓದಿ. ಶಾಲಾ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು, ಅವಕಾಶವಂಚಿತ ಮಕ್ಕಳ ಪೋಷಕರಿಗೆ ಪ್ರಮಾಣಕ್ಕೆ ತಕ್ಕ ಪ್ರಾತಿನಿಧ್ಯ ಸಿಗಬೇಕು. ಅನುದಾನ ಹೇಗೆ ಖರ್ಚಾಯ್ತು ಅಂತ ನೋಡೋದೂ ಈ ಸಮಿತಿಯ ಕೆಲಸವೇ. ಶಾಲೆಯ ಅಭಿವೃದ್ಧಿ ಯೋಜನೆ ತಯಾರಿಸೋದೂ ಇದೇ. ಸರ್ಕಾರದ ಅನುದಾನಕ್ಕೆ ಆ ಯೋಜನೆಯೇ ಆಧಾರ ಅನ್ನುತ್ತೆ ಸೆಕ್ಷನ್ 22. ಅಂದ್ರೆ ಕೂಲಿಗೆ ಹೋಗೋ ನಮ್ಮಕ್ಕ ಅಲ್ಲಿ ಕೂತಿರೋದು ಕೋರಂ ತುಂಬಿಸೋಕಲ್ಲ, ಲೆಕ್ಕ ಕೇಳೋಕೆ. (ಹಗಲು ಹನ್ನೊಂದಕ್ಕೆ ಸಭೆ ಕರೆದ್ರೆ ಅವಳ ಅವತ್ತಿನ ಕೂಲಿ ಯಾರು ಕೊಡ್ತಾರೆ?)

ಸುತ್ತೋಲೆ ಬಂದ ದಿನವೇ ಶಾಲೆ ಗೋಡೆಗೆ ಅಂಟಿಸಿ, ಕೇರಿಗೆ ಬಂದು ಓದಿ ಹೇಳಿ. ಸಭೆ ಸಂಜೆಗಿಡಿ. ಮಾಡಲ್ಲ ಅಂದ್ರೆ ಬಂಧುಗಳೇ, ಆರ್‌ಟಿಐ ಅರ್ಜಿಗೆ 10 ರೂಪಾಯಿ. ಬಿಪಿಎಲ್ ಕಾರ್ಡಿದ್ರೆ ಅದೂ ಇಲ್ಲ.