ಬುತ್ತಿಯ ಬಿಲ್ಲೆ

ಮುಳಬಾಗಿಲಿನ ವಾಚಕಿಯೊಬ್ಬರು ನಮಗೊಂದು ಕಾಗದ ಬರೆದಿರುವರು. ಅವರ ಹತ್ತು ವರ್ಷದ ಮಗನು, ತನ್ನ ಸಹಪಾಠಿಗಳಂತೆ ತನಗೂ ಶಾಲೆಯ ಬುತ್ತಿಯಲ್ಲಿ ಅಂಗಡಿಯ ‘ಗ್ರಾನೋಲ ಬಾರ್’ ಬೇಕೆಂದು ಹಟ ಹಿಡಿದಿರುವನಂತೆ. ದಿನವೂ ಅದನ್ನು ಕೊಳ್ಳುವ ಶಕ್ತಿಯಿಲ್ಲ. ಮನೆಯಲ್ಲಿಯೇ ಮಾಡುವ ಕ್ರಮವುಂಟೇ ಎಂದು ಕೇಳಿರುವರು. ಉಂಟು ತಾಯಿ; ಅದು ತಮ್ಮ ಅಜ್ಜಿಯವರಿಗೆ ತಿಳಿದಿದ್ದ ಕ್ರಮವೇ.

ಅಮೆರಿಕದ ಜೇಮ್ಸ್ ಕೇಲೆಬ್ ಜಾಕ್ಸನ್ ಎಂಬ ವೈದ್ಯನು 1863ರಲ್ಲಿ ಗೋದಿಯ ಹಿಟ್ಟನ್ನು ಸುಟ್ಟು ನುರಿಸಿ ‘ಗ್ರಾನ್ಯುಲ’ ಎಂಬ ಆಹಾರವನ್ನು ಮಾಡಿದನು. ಇಂದಿನ ಗ್ರಾನೋಲದ ಹೆಸರು ಆ ವಂಶದ್ದು. ಹುರಿದ ಧಾನ್ಯ, ಬೀಜ, ಸಿಹಿ ಪಾಕ, ಈ ಮೂರರ ಕೂಟವೇ ಅದು. ನಮ್ಮ ಪೂರ್ವಿಕರು ಹುರಿದ ಹಿಟ್ಟನ್ನು ಸಕ್ತು ಎಂದರು, ಅರಳನ್ನು ಲಾಜವೆಂದರು, ದಾರಿಯ ಬುತ್ತಿಯನ್ನು ಪಾಥೇಯವೆಂದರು. ಕೋಲಾರದ ಸೀಮೆಯಲ್ಲಿ ಊರ ದೇವತೆಗೆ ತಂಬಿಟ್ಟಿನ ದೀಪ ಹೊರುವ ಮನೆಗಳಲ್ಲಿ ಹುರಿಯುವುದನ್ನೂ ಬೆಲ್ಲ ಬೆರೆಸುವುದನ್ನೂ ಹೊಸದಾಗಿ ಕಲಿಸಬೇಕಾದುದಿಲ್ಲ.

ಹಾಗಿದ್ದೂ ಮಗುವಿಗೆ ಮನೆಯ ತಿಂಡಿ ಬೇಡವಾದುದೇಕೆ? ಇದಕ್ಕೆ ಉತ್ತರ ಹೇಳುವಾಗ ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಮೂವತ್ತು ವರ್ಷಗಳ ಹಿಂದೆ ಮಾಲೂರು ತಾಲ್ಲೂಕಿನ ಒಂದು ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ, ಹುಡುಗನೊಬ್ಬನು ರಾಗಿಯ ಹುರಿಹಿಟ್ಟಿನ ಉಂಡೆಯನ್ನು ಬುತ್ತಿಗೆ ತರುತ್ತಿದ್ದನು. ಒಂದು ದಿನ ನಾವು ಅದನ್ನು ಕಂಡು, “ಇದೇನಪ್ಪಾ, ಕೆರೆಯ ಮಣ್ಣು ತಂದಿದ್ದೀಯೆ?” ಎಂದೆವು. ತರಗತಿಯೆಲ್ಲ ನಕ್ಕಿತು. ಮರುದಿನದಿಂದ ಅವನು ಬುತ್ತಿಯನ್ನೇ ತರಲಿಲ್ಲ. ಮಧ್ಯಾಹ್ನ ನೀರು ಕುಡಿದು ಬಂದು ಕೂಡುತ್ತಿದ್ದನು. ಅದರ ಕಾರಣವು ನಮಗೆ ಹೊಳೆಯಲು ಎಷ್ಟೋ ದಿನ ಬೇಕಾಯಿತು. ಕರೆದು ಸಮಾಧಾನ ಹೇಳುವಷ್ಟು ದೊಡ್ಡ ಮನಸ್ಸು ಆಗ ನಮಗಿರಲಿಲ್ಲ.

ಇನ್ನು ಮಾಡುವ ಕ್ರಮ. ಒಂದು ಪಾವು ರಾಗಿಯ ಅರಳು, ಅರ್ಧ ಪಾವು ಕಡಲೆಕಾಯಿ ಬೀಜ, ಕಾಲು ಪಾವು ಹುರಿಗಡಲೆ, ಒಂದು ಹಿಡಿ ಎಳ್ಳು, ಒಂದು ಪಾವು ತುರಿದ ಬೆಲ್ಲ, ಒಂದು ಚಮಚ ತುಪ್ಪ, ಚಿಟಿಕೆ ಉಪ್ಪು, ತುಸು ಶುಂಠಿಯ ಪುಡಿ. ಅರಳು ಮಾಡಲು, ರಾಗಿಗೆ ನೀರು ಚಿಮುಕಿಸಿ ರಾತ್ರಿಯೆಲ್ಲ ಬಟ್ಟೆಯಲ್ಲಿ ಕಟ್ಟಿಟ್ಟು, ಬೆಳಗ್ಗೆ ನೆರಳಿನಲ್ಲಿ ಮೇಲಿನ ಪಸೆ ಆರುವವರೆಗೆ ಹರವಬೇಕು. ಬಳಿಕ ಚೆನ್ನಾಗಿ ಕಾದ ಕಬ್ಬಿಣದ ಬಾಣಲೆಗೆ ಹಿಡಿ ಹಿಡಿಯಾಗಿ ಹಾಕಿ ಬಿಡದೆ ಕೈಯಾಡಿಸಿದರೆ ಕಾಳು ಅರಳುವುದು. ಕಡಲೆಕಾಯಿ ಬೀಜವನ್ನು ಸಣ್ಣ ಉರಿಯಲ್ಲಿ ಹುರಿದು, ಸಿಪ್ಪೆ ತಿಕ್ಕಿ ಕೇರಿ, ತರಿತರಿಯಾಗಿ ಕುಟ್ಟಬೇಕು. ಬೂಷ್ಟು ಹಿಡಿದ, ಸುಕ್ಕಿದ, ಬಣ್ಣಗೆಟ್ಟ ಬೀಜಗಳನ್ನು ಮೊದಲೇ ಆರಿಸಿ ಬಿಸುಡತಕ್ಕದ್ದು. ಆ ಬೂಷ್ಟಿನ ವಿಷವು ಯಕೃತ್ತನ್ನು ಕೆಡಿಸುವುದು, ಹುರಿದರೂ ಪೂರ್ತಿ ಹೋಗದು. ಎಳ್ಳನ್ನು ಚಟಪಟಗುಟ್ಟುವವರೆಗೆ ಹುರಿದರೆ ಸಾಕು.

ಬೆಲ್ಲವನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ, ಸೋಸಿ ಕಲ್ಲುಮಣ್ಣು ತೆಗೆದು, ಮತ್ತೆ ಒಲೆಗೇರಿಸಿರಿ. ಪಾಕದ ಹನಿಯನ್ನು ತಣ್ಣೀರಿಗೆ ಬಿಟ್ಟಾಗ ಅದು ಬೆರಳಿಗೆ ಉಂಡೆಯಾಗಿ ಸಿಕ್ಕಿ, ಒತ್ತಿದರೆ ತುಸು ಬಗ್ಗಬೇಕು. ಹನಿಯು ಕಟಕ್ಕನೆ ಮುರಿಯುವ ಹದವು ಕಡಲೆ ಮಿಠಾಯಿಗೆ ಸರಿ. ಈ ಬಿಲ್ಲೆಗೆ ಅದು ಮೀರಿದ ಪಾಕ, ಮಕ್ಕಳ ಹಲ್ಲಿಗೆ ಶತ್ರು. ಹದ ಬಂದೊಡನೆ ಇಳಿಸಿ, ತುಪ್ಪವನ್ನೂ ಉಳಿದೆಲ್ಲವನ್ನೂ ಕೂಡಿಸಿ, ಜಿಡ್ಡು ಸವರಿದ ತಟ್ಟೆಗೆ ಸುರಿದು ಬಟ್ಟಲ ತಳದಿಂದ ಅದುಮಿ, ಬೆಚ್ಚಗಿರುವಾಗಲೇ ಬೆರಳಗಲಕ್ಕೆ ಕೊಯ್ಯಿರಿ. ತಣಿದ ಮೇಲೆ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಟ್ಟರೆ ವಾರವೊಂದು ಕೆಡದು. ಮಾಲೂರಿನಿಂದ ಬೆಳಗಿನ ರೈಲಿಗೆ ಬೆಂಗಳೂರಿಗೆ ಓಡುವ ತಂದೆತಾಯಿಗಳು ಭಾನುವಾರವೇ ಇದನ್ನು ಮಾಡಿಡಬಹುದು.

ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಮಿಗೂ ಮಿಕ್ಕ ಸುಣ್ಣದ ಸತ್ತ್ವವುಂಟು. ಬಿಳಿಯ ಅಕ್ಕಿಯಲ್ಲಿ ಹತ್ತರ ಆಸುಪಾಸು ಮಾತ್ರ. 2023ನ್ನು ವಿಶ್ವಸಂಸ್ಥೆಯು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. 2024ರಿಂದ ನಮ್ಮ ಸರ್ಕಾರಿ ಶಾಲೆಗಳ ಹಾಲಿಗೂ ರಾಗಿಯ ಮಾಲ್ಟ್ ಸೇರಿತು. ಆದರೆ ಬೆಲ್ಲವೂ ಸಕ್ಕರೆಯ ಜಾತಿಯೇ ಎಂಬುದನ್ನು ಮರೆಯಬಾರದು. ದಿನಕ್ಕೊಂದು ಬಿಲ್ಲೆ, ತಿಂದ ಮೇಲೆ ಬಾಯಿ ಮುಕ್ಕಳಿಸುವುದು, ಇದು ನಿಯಮವಾಗಲಿ. ಇದು ಊಟದ ಜೊತೆಗೇ ಹೊರತು ಊಟಕ್ಕೆ ಬದಲಲ್ಲ. ಕಡಲೆಕಾಯಿ ಒಗ್ಗದ ಮಕ್ಕಳೂ ಕೆಲವರುಂಟು. ಅಂಥವರಿಗೆ ಅದನ್ನು ಎಂದಿಗೂ ಕೊಡಕೂಡದು, ಹಂಚಿ ತಿನ್ನುವಾಗಲೂ ಕೇಳಿ ಕೊಡುವಂತೆ ಮಗುವಿಗೆ ಹೇಳಿರಿ.

ಅಂಗಡಿಯ ಪೊಟ್ಟಣವನ್ನೂ ಒಮ್ಮೆ ಮಗನಿಂದಲೇ ಓದಿಸಿರಿ. ತೂಕದಲ್ಲಿ ಹೆಚ್ಚಾದುದನ್ನು ಪಟ್ಟಿಯಲ್ಲಿ ಮೊದಲು ಬರೆಯುವುದು ನಿಯಮ. ಸಕ್ಕರೆ ಎಷ್ಟನೆಯದೆಂದು ಅವನೇ ಎಣಿಸಲಿ. ತಟ್ಟೆಯ ಮೇಲೆ ಗೆರೆ ಎಳೆದು ಕೊಯ್ಯುವ ಕೆಲಸವನ್ನೂ ಅವನಿಗೇ ಬಿಡಿರಿ. ತಾನು ಮಾಡಿದುದನ್ನು ಬಚ್ಚಿಟ್ಟು ತಿನ್ನುವ ಮಗುವನ್ನು ನಾವು ಕಂಡಿಲ್ಲ.

ಆ ಮಾಲೂರಿನ ಹುಡುಗನು ಈಗ ನಾಲ್ವತ್ತರ ಗೃಹಸ್ಥನಾಗಿರಬೇಕು. ಅವನ ಮಕ್ಕಳ ಬುತ್ತಿಯಲ್ಲಿ ಈಗ ಏನಿರುವುದೋ ನಮಗೆ ತಿಳಿಯದು. ಶಾಲೆಯಲ್ಲಿ ಪಾಠ ಹೇಳುವ ವಾಚಕರಿದ್ದರೆ ಅವರಲ್ಲಿ ನಮ್ಮದೊಂದೇ ಬೇಡಿಕೆ: ಮಕ್ಕಳು ಬುತ್ತಿ ಬಿಚ್ಚುವ ಹೊತ್ತಿನಲ್ಲಿ ತಮ್ಮ ನಾಲಗೆಯನ್ನು ಹಿಡಿತದಲ್ಲಿಟ್ಟುಕೊಳ್ಳಲಿ.