ಮದುವೆ ಅಂದ್ರೆ ಮಾತ್ರೆ ಅಲ್ಲ (ನಮ್ ಮುಟ್ಟು, ನಮ್ ಮಾತು: ಭಾಗ 4)

ಸೆಕೆಂಡ್ ಪಿಯುಸಿಯಲ್ಲಿ ನಂಗೆ ನಾಲ್ಕು ತಿಂಗಳು ಮುಟ್ಟಾಗ್ಲಿಲ್ಲ. ಗಲ್ಲದ ಮೇಲೆ ಕೂದಲು ಬೇರೆ. ಅಮ್ಮ ಡಾಕ್ಟರ್ ಹತ್ರ ಕರ್ಕೊಂಡು ಹೋದ್ರು. ಅಲ್ಲಿ ಸಿಕ್ಕಿದ್ದು ಎರಡೇ ಮಾತು: "ತೂಕ ಇಳಿಸು. ಮದುವೆ ಆದ್ಮೇಲೆ ಎಲ್ಲಾ ಸರಿ ಹೋಗುತ್ತೆ." ನಂಗಾಗ 17!

ಪಿಸಿಓಎಸ್ ಹಾರ್ಮೋನ್‌ಗಳ ಏರುಪೇರು. ತುಂಬಾ ಜನರಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡಲ್ಲ, ದೇಹ ಅದನ್ನ ಇನ್ನೂ ಜಾಸ್ತಿ ತಯಾರಿಸುತ್ತೆ. ಆ ಇನ್ಸುಲಿನ್ ಅಂಡಾಶಯದಲ್ಲಿ ಆಂಡ್ರೋಜನ್ ಹೆಚ್ಚಿಸುತ್ತೆ. ಮೊಡವೆ, ಮುಖದ ಕೂದಲು, ತಪ್ಪೋ ಮುಟ್ಟು ಎಲ್ಲಾ ಅಲ್ಲಿಂದಲೇ. ಸಣ್ಣಗಿರೋರಿಗೂ ಬರುತ್ತೆ. ಇದರಲ್ಲಿ ತಾಳಿ ಏನ್ ಮಾಡುತ್ತೆ ಹೇಳಿ?

ಸ್ಕ್ಯಾನ್‌ನಲ್ಲಿ ಕಾಣೋ 'ಗುಳ್ಳೆ'ಗಳಿಗೂ ಹೆದರಬೇಡಿ. ಅವು ಗಡ್ಡೆ ಅಲ್ಲ, ಪೂರ್ತಿ ಬೆಳೆಯದೆ ನಿಂತ ಅಂಡಕೋಶಗಳು. ಹದಿಹರೆಯದಲ್ಲಿ ಆರೋಗ್ಯವಾಗಿರೋರಿಗೂ ಹಾಗೆ ಕಾಣಬಹುದು. ಅದಕ್ಕೇ ಮೊದಲ ಮುಟ್ಟಾಗಿ 8 ವರ್ಷ ಆಗೋವರೆಗೆ ಸ್ಕ್ಯಾನ್ ನೋಡಿ ಪಿಸಿಓಎಸ್ ಅಂತ ತೀರ್ಮಾನಿಸಬಾರದು ಅನ್ನುತ್ತೆ 2023ರ ಅಂತಾರಾಷ್ಟ್ರೀಯ ಮಾರ್ಗಸೂಚಿ. ಥೈರಾಯ್ಡ್, ಪ್ರೊಲ್ಯಾಕ್ಟಿನ್ ತೊಂದರೆಯಿಂದಲೂ ಮುಟ್ಟು ತಪ್ಪುತ್ತೆ, ಆ ರಕ್ತಪರೀಕ್ಷೆ ಮಾಡಿಸಿ.

"ಮದುವೆ ಆಗ್ಲಿ ನೋಡೋಣ" ಅನ್ನೋದು ಸಮಾಧಾನ ಅಲ್ಲ, ಚಿಕಿತ್ಸೆ ಮುಂದೂಡೋದು. ತಿಂಗಳುಗಟ್ಟಲೆ ಮುಟ್ಟಾಗದಿದ್ರೆ ಗರ್ಭಕೋಶದ ಒಳಪದರ ದಪ್ಪ ಆಗ್ತಾ ಹೋಗಬಹುದು. ಮುಂದೆ ಡಯಾಬಿಟಿಸ್ ಬರೋ ಅಪಾಯನೂ ಜಾಸ್ತಿ. ಪೂರ್ತಿ ವಾಸಿ ಮಾಡೋ ಮಾತ್ರೆ ಇಲ್ಲ ನಿಜ, ಆದ್ರೆ ಊಟ, ವ್ಯಾಯಾಮ, ಔಷಧಿಯಿಂದ ಹತೋಟಿಯಲ್ಲಿ ಇಡಬಹುದು. ಮುಂದೆ ಮಗು ಬೇಕಂದ್ರೆ ಅದಕ್ಕೂ ದಾರಿ ಇದೆ.

90 ದಿನ ದಾಟಿದ್ರೆ ಕಾಯಬೇಡಿ ಕಣ್ರೇ, ಡಾಕ್ಟರ್ ಹತ್ರ ಹೋಗಿ. ಅವರೂ ಮದುವೆ ಮಾತೆತ್ತಿದ್ರೆ ಇನ್ನೊಬ್ಬರ ಹತ್ರ ಹೋಗಿ.

ಕ್ಲಾಸಲ್ಲಿ "ಮೀಸೆ ನೋಡೋ" ಅಂತ ನಗೋರೇ, ನಿಮ್ಮ ನಗುವಿಗೆ ಹೆದರಿ ಒಬ್ಬಳು ವಾರಗಟ್ಟಲೆ ಕಾಲೇಜಿಗೆ ಬಂದಿರಲಿಲ್ಲ. ಅವಳು ನಾನೇ.

#ಪಿಸಿಓಎಸ್ #ನಮ್ಮಮುಟ್ಟುನಮ್ಮಮಾತು