ವಾಲದ ಚೌಕಟ್ಟು ಮತ್ತು ಕನ್ನಡದ ಶಾಸ್ತ್ರವಾಕ್ಯ

ಕನ್ನಡದಲ್ಲಿ ಶಾಸ್ತ್ರಸಾಹಿತ್ಯದ ಕೊರತೆಯ ಬಗ್ಗೆ ಚರ್ಚೆ ನಡೆದಾಗಲೆಲ್ಲ ಪಾರಿಭಾಷಿಕ ಪದಗಳ ಅಭಾವವೇ ಅದಕ್ಕೆ ಮುಖ್ಯ ಕಾರಣವೆಂಬ ಮಾತು ಕೇಳಿಬರುತ್ತದೆ. ಈ ಅಭಿಪ್ರಾಯವನ್ನು ಯಾವುದಾದರೊಂದು ನಿರ್ದಿಷ್ಟ ವಿಷಯಕ್ಕೆ ಒಡ್ಡಿ ಪರೀಕ್ಷಿಸದೆ ಒಪ್ಪಿಕೊಳ್ಳುವುದು ಉಚಿತವಲ್ಲ. ಸಿವಿಲ್ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಕಲಿಯಲೇಬೇಕಾದ ಒಂದು ಪಾಠವನ್ನು ಇಲ್ಲಿ ಅಂಥ ಪರೀಕ್ಷೆಗೆ ಆರಿಸಿಕೊಳ್ಳಲಾಗಿದೆ: ಪಕ್ಕಕ್ಕೆ ವಾಲದ ಚೌಕಟ್ಟಿನಲ್ಲಿ ಮೊಮೆಂಟುಗಳನ್ನೂ ಆಸರೆಗಳ ಪ್ರತಿಬಲಗಳನ್ನೂ ಕಂಡುಹಿಡಿಯುವ ಕ್ರಮ. ಇದನ್ನು ಕನ್ನಡದಲ್ಲಿ ಬರೆಯಹೊರಟವರಿಗೆ ಎದುರಾಗುವ ತೊಡಕು ಪದದ್ದೋ ವಾಕ್ಯದ್ದೋ ಎಂಬುದು ಪ್ರಶ್ನೆ.

ಈ ಪ್ರಶ್ನೆಯನ್ನು ಎತ್ತಲು ತ್ರಿಪ್ಲಿಕೇನ್ ಪರಿಸರಕ್ಕೆ ವಿಶೇಷವಾದ ಅಧಿಕಾರವಿದೆ. 1857ರಲ್ಲಿ ಸ್ಥಾಪನೆಯಾದ ಮದರಾಸು ವಿಶ್ವವಿದ್ಯಾಲಯದ ಆಶ್ರಯದಲ್ಲಿಯೇ ಕಿಟ್ಟೆಲರ 1894ರ ಕನ್ನಡ–ಇಂಗ್ಲಿಷ್ ನಿಘಂಟು ಎಂ. ಮರಿಯಪ್ಪ ಭಟ್ಟರ ಪರಿಷ್ಕರಣದೊಡನೆ 1968ರಿಂದ 1971ರವರೆಗೆ ನಾಲ್ಕು ಸಂಪುಟಗಳಲ್ಲಿ ಹೊರಬಂದಿತು. 1794ರ ಸರ್ವೇ ಶಾಲೆಯಿಂದ ಬೆಳೆದ ಇಂಜಿನಿಯರಿಂಗ್ ಕಾಲೇಜು 1920ರಲ್ಲಿ ಗಿಂಡಿಗೆ ಹೋಗುವ ಮೊದಲು ಇದ್ದದ್ದೂ ಪಕ್ಕದ ಚೇಪಾಕದಲ್ಲಿಯೇ. ಕಾಲ ಬೇರೆಯಾದರೂ ನಿಘಂಟು ಮತ್ತು ಕಟ್ಟಡವಿದ್ಯೆ ಒಂದೇ ನೆರೆಯಲ್ಲಿ ಬೆಳೆದವು. ಆದರೆ ಅವೆರಡೂ ಕನ್ನಡದಲ್ಲಿ ಪರಸ್ಪರ ಮಾತನಾಡಲಿಲ್ಲ.

ಮೊದಲು ಪದಗಳನ್ನು ನೋಡಬಹುದು. ಇಂಗ್ಲಿಷಿನ ‘ರಿಜಿಡ್ ಫ್ರೇಮ್’ ಎಂಬುದನ್ನು ‘ದೃಢ ಚೌಕಟ್ಟು’ ಎಂದು ಅನುವಾದಿಸುವುದು ಸುಲಭ. ಆದರೆ ಹಾಗೆಂದೊಡನೆ ಓದುವವನು ಇದು ಅಲುಗದ, ಬಾಗದ ಚೌಕಟ್ಟೆಂದು ಭಾವಿಸುತ್ತಾನೆ. ವಾಸ್ತವದಲ್ಲಿ ಇಲ್ಲಿ ದೃಢವಾಗಿರುವುದು ಕಂಬವೂ ಅಲ್ಲ, ತೊಲೆಯೂ ಅಲ್ಲ, ಅವೆರಡು ಕೂಡುವ ಎಡೆ. ಕಂಬ ಬಾಗುತ್ತದೆ, ತೊಲೆ ಬಾಗುತ್ತದೆ, ಕೂಡುವೆಡೆಯೂ ತಿರುಗುತ್ತದೆ. ಆದರೆ ಅಲ್ಲಿ ಕಂಬಕ್ಕೂ ತೊಲೆಗೂ ನಡುವಣ ಕೋನ ಮಾತ್ರ ಬದಲಾಗುವುದಿಲ್ಲ. ಆದ್ದರಿಂದ ‘ಬಿಗಿಗಂಟಿನ ಚೌಕಟ್ಟು’ ಎಂಬ ಮಾತು ಹೆಚ್ಚು ನಿಖರ. ಕೂಡುವೆಡೆಯನ್ನು ‘ಕೀಲು’ ಎನ್ನುವುದಂತೂ ವಿಪರೀತಾರ್ಥಕ್ಕೆ ದಾರಿಯಾಗುತ್ತದೆ. ಕೀಲು ಎಂದರೆ ಬಾಗಿಲು ತಿರುಗುವ ಜಾಗ. ಅಲ್ಲಿ ಕೋನ ಬದಲಾಗುತ್ತದೆ, ಮೊಮೆಂಟು ನಿಲ್ಲುವುದಿಲ್ಲ. ‘ಮೊಮೆಂಟ್’ ಪದಕ್ಕೆ ‘ಮಹತ್ವ’ ಎಂದರೆ ಹಿರಿಮೆಯೂ ‘ಕ್ಷಣ’ ಎಂದರೆ ಕಾಲವೂ ನೆನಪಾಗುತ್ತವೆ. ಬಲವನ್ನು ದೂರದಿಂದ ಗುಣಿಸಿದಾಗ ದೊರೆಯುವ ತಿರುಗಿಸುವ ಸಾಮರ್ಥ್ಯ ಎಂದು ಒಮ್ಮೆ ವಿವರಿಸಿ, ಮುಂದೆ ‘ಮೊಮೆಂಟ್’ ಎಂದೇ ಬಳಸುವುದರಿಂದ ಕನ್ನಡಕ್ಕೆ ಯಾವ ಹಾನಿಯೂ ಇಲ್ಲ. ಪದಗಳ ತೊಡಕು ಇಷ್ಟೇ. ಒಂದು ಪುಟದ ವಿವೇಚನೆಯಲ್ಲಿ ಅದು ಬಗೆಹರಿಯುತ್ತದೆ.

ಇನ್ನು ವಾಕ್ಯದ ಮಾತು. ಇಂಥ ಚೌಕಟ್ಟುಗಳಲ್ಲಿ ಸಮತೋಲದ ಸಮೀಕರಣಗಳಷ್ಟರಿಂದಲೇ ಉತ್ತರ ದೊರೆಯುವುದಿಲ್ಲ. ಅಂಗಗಳು ಹೇಗೆ ಬಾಗುತ್ತವೆ ಎಂಬುದನ್ನೂ ಲೆಕ್ಕಕ್ಕೆ ತರಬೇಕಾಗುತ್ತದೆ. 1915ರಲ್ಲಿ ಅಮೆರಿಕದ ಜಾರ್ಜ್ ಮೇನಿ ಗಂಟುಗಳ ತಿರುಗುವಿಕೆಯನ್ನೇ ಅಜ್ಞಾತವಾಗಿಟ್ಟುಕೊಂಡು ಸಮೀಕರಣಗಳನ್ನು ಬಿಡಿಸುವ ಮಾರ್ಗವನ್ನು ತೋರಿಸಿದ. ಗಂಟುಗಳು ಹೆಚ್ಚಿದಂತೆ ಸಮೀಕರಣಗಳೂ ಹೆಚ್ಚುತ್ತಿದ್ದುದರಿಂದ ಕೈಲೆಕ್ಕ ಕಷ್ಟವಾಗುತ್ತಿತ್ತು. ಇಲಿನಾಯ್ ವಿಶ್ವವಿದ್ಯಾಲಯದ ಹಾರ್ಡಿ ಕ್ರಾಸ್ 1930ರಲ್ಲಿ ಹತ್ತು ಪುಟಗಳ ಲೇಖನವೊಂದರಲ್ಲಿ ಈ ಕಷ್ಟವನ್ನು ಪರಿಹರಿಸಿದ. ಅವನ ಕ್ರಮದ ಜೀವಾಳ ನಾಲ್ಕು ಕ್ರಿಯೆಗಳಲ್ಲಿದೆ: ಹಿಡಿ, ಬಿಡು, ಹಂಚು, ಸಾಗಿಸು. ಈ ನಾಲ್ಕರಲ್ಲಿ ಕನ್ನಡಕ್ಕೆ ಹೊಸದಾಗಿ ಟಂಕಿಸಬೇಕಾದುದು ಒಂದೂ ಇಲ್ಲ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳಬಹುದು. 4 ಮೀಟರ್ ಎತ್ತರದ ಎರಡು ಸಮಾನ ಕಂಬಗಳ ಮೇಲೆ 6 ಮೀಟರ್ ಉದ್ದದ ತೊಲೆಯಿದೆ. ಕಂಬಗಳ ಬುಡ ನೆಲದಲ್ಲಿ ಬಿಗಿಯಾಗಿ ನೆಟ್ಟಿದೆ. ತೊಲೆಯ ಅಡ್ಡಕೊಯ್ತದ ಜಡತ್ವ ಮೊಮೆಂಟು ಕಂಬದ್ದರ ಒಂದೂವರೆ ಪಟ್ಟು ಇರುವುದರಿಂದ, ಉದ್ದದಿಂದ ಭಾಗಿಸಿದಾಗ ಎರಡರ ಪೆಡಸುತನವೂ ಸಮವಾಗುತ್ತದೆ. ತೊಲೆಯ ಮೇಲೆ ಮೀಟರಿಗೆ 20 ಕಿಲೋನ್ಯೂಟನ್‌ನಂತೆ ಭಾರ ಉದ್ದಕ್ಕೂ ಹರಡಿದೆ. ಎರಡು ಮೇಲ್ಗಂಟುಗಳನ್ನೂ ತಿರುಗದಂತೆ ಹಿಡಿದಿರುವುದಾಗಿ ಮೊದಲು ಕಲ್ಪಿಸಬೇಕು. ಆಗ ತೊಲೆಯ ಪ್ರತಿಯೊಂದು ತುದಿಯಲ್ಲಿಯೂ 60 ಕಿಲೋನ್ಯೂಟನ್-ಮೀಟರ್ ಮೊಮೆಂಟು ಇರುತ್ತದೆ. ಕಂಬದ ಮೇಲೆ ನೇರವಾಗಿ ಭಾರವಿಲ್ಲದ ಕಾರಣ ಅದರ ತುದಿಯಲ್ಲಿ ಏನೂ ಇಲ್ಲ. ಆದ್ದರಿಂದ ಗಂಟಿನಲ್ಲಿ 60ರ ಅಸಮತೋಲವಿದೆ. ಈಗ ಗಂಟುಗಳನ್ನು ಬಿಡಬೇಕು. ಬಿಟ್ಟ ಗಂಟು ತಿರುಗುತ್ತದೆ. ಅಸಮತೋಲವು ಪೆಡಸುತನದ ಪ್ರಮಾಣದಲ್ಲಿ ಹಂಚಿಹೋಗಿ ಕಂಬಕ್ಕೆ 30, ತೊಲೆಗೆ 30 ಆಗುತ್ತದೆ. ಹಂಚಿದುದರ ಅರ್ಧ ಆಯಾ ಅಂಗದ ಆಚೆಯ ತುದಿಗೆ ಸಾಗುತ್ತದೆ. ಹೀಗೆ ಕಂಬದ ಬುಡಕ್ಕೆ 15 ಸೇರುತ್ತದೆ. ತೊಲೆಯ ಮೂಲಕ ಎದುರು ಗಂಟಿನಿಂದ 15 ಬಂದು ಮತ್ತೆ ಅಸಮತೋಲವನ್ನು ಉಂಟುಮಾಡುತ್ತದೆ. ಅದನ್ನು ಹಂಚಿದಾಗ ಕಂಬಕ್ಕೆ 7.5, ಮುಂದಿನ ಸರದಿಯಲ್ಲಿ 1.875. ಕಂಬದ ಮೇಲ್ತುದಿಯ ಮೊತ್ತ 30, 37.5, 39.375 ಎಂದು ಏರುತ್ತ 40ರಲ್ಲಿ ನೆಲೆಗೊಳ್ಳುತ್ತದೆ. ಬುಡದಲ್ಲಿ ಅದರ ಅರ್ಧ, ಅಂದರೆ 20. ತೊಲೆಯ ನಡುವಿನಲ್ಲಿ 90ರಿಂದ 40 ಕಳೆದು 50.

ಪ್ರತಿಬಲಗಳು ಇದರಿಂದಲೇ ಒದಗುತ್ತವೆ. ಒಟ್ಟು ಭಾರ 120 ಕಿಲೋನ್ಯೂಟನ್ ಆದುದರಿಂದ ಪ್ರತಿ ಬುಡವೂ 60ನ್ನು ಮೇಲಕ್ಕೆ ಒತ್ತುತ್ತದೆ. ಕಂಬದ ಎರಡು ತುದಿಗಳ ಮೊಮೆಂಟುಗಳ ಮೊತ್ತವಾದ 60ನ್ನು ಎತ್ತರವಾದ 4ರಿಂದ ಭಾಗಿಸಿದರೆ 15. ಅಷ್ಟು ಬಲದಿಂದ ಪ್ರತಿ ಬುಡವೂ ಚೌಕಟ್ಟನ್ನು ಒಳಮುಖವಾಗಿ ಒತ್ತುತ್ತದೆ. ಎಡದ 15 ಮತ್ತು ಬಲದ 15 ಒಂದನ್ನೊಂದು ತೊಡೆದುಹಾಕುತ್ತವೆ. ಚೌಕಟ್ಟು ವಾಲದು.

ವಾಲದು ಎಂಬ ಈ ಮಾತು ಫಲಿತಾಂಶವೂ ಹೌದು, ಪೂರ್ವನಿಬಂಧನೆಯೂ ಹೌದು. ಚೌಕಟ್ಟು ಮತ್ತು ಭಾರ ಎರಡೂ ಸಮಪಾರ್ಶ್ವವಾಗಿದ್ದುದರಿಂದ ಅದು ಇಲ್ಲಿ ಸಲ್ಲುತ್ತದೆ. ಭಾರ ತೊಲೆಯ ಎಡ ಅರ್ಧದ ಮೇಲೆ ಮಾತ್ರ ಇದ್ದರೆ, ಅದೇ ಕ್ರಮದಲ್ಲಿ ಲೆಕ್ಕ ಮಾಡಿದಾಗ ಎಡ ಬುಡದ ಅಡ್ಡ ಪ್ರತಿಬಲ 9.19 ಕಿಲೋನ್ಯೂಟನ್, ಬಲ ಬುಡದ್ದು 5.81 ಎಂದು ಬರುತ್ತದೆ. ಉಳಿದ 3.38ನ್ನು ತಡೆಯುವವರು ಯಾರು? ತೊಲೆಯ ಮಟ್ಟದಲ್ಲಿ ಗೋಡೆಯೋ ಬೇರೊಂದು ಆಸರೆಯೋ ಇದ್ದರೆ ಲೆಕ್ಕ ಸರಿ. ಇಲ್ಲದಿದ್ದರೆ ಚೌಕಟ್ಟು ಬಲಕ್ಕೆ ವಾಲುತ್ತದೆ, ಲೆಕ್ಕವನ್ನು ತಿದ್ದಬೇಕಾಗುತ್ತದೆ. ‘ಇದ್ದರೆ’, ‘ಇಲ್ಲದಿದ್ದರೆ’ ಎಂಬ ಈ ಎರಡು ರೂಪಗಳಲ್ಲಿ ಪಾಠದ ಸಾರವೆಲ್ಲ ಅಡಗಿದೆ. ಪದಕೋಶದಲ್ಲಿ ‘ಪಾರ್ಶ್ವಚಲನೆ’ ಎಂಬ ನಾಮಪದವನ್ನು ಮಾತ್ರ ಕಂಡ ವಿದ್ಯಾರ್ಥಿಗೆ ಈ ನಿಬಂಧನೆ ತಿಳಿಯುವ ಸಂಭವವಿಲ್ಲ.

ಇದು ಕೇವಲ ಭಾಷಾಭಿಮಾನದ ವಿಚಾರವಲ್ಲ. 2001ರ ಜನವರಿ 26ರ ಗುಜರಾತ್ ಭೂಕಂಪದಲ್ಲಿ, ಕೇಂದ್ರದಿಂದ ಬಹುದೂರವಿದ್ದ ಅಹಮದಾಬಾದಿನಲ್ಲಿಯೂ, ನೆಲಮಟ್ಟವನ್ನು ವಾಹನಗಳಿಗಾಗಿ ತೆರವಾಗಿಟ್ಟು ಮೇಲೆ ಗೋಡೆ ತುಂಬಿದ್ದ ಹಲವು ವಸತಿ ಕಟ್ಟಡಗಳು ಕುಸಿದವು. ಮೇಲಿನ ಅಂತಸ್ತುಗಳಲ್ಲಿ ವಾಲದಂತೆ ತಡೆಯುತ್ತಿದ್ದ ಗೋಡೆ ಕೆಳಗೆ ಇರಲಿಲ್ಲ. ಮರುವರ್ಷ, 2002ರಲ್ಲಿ ಪರಿಷ್ಕೃತವಾದ ಭೂಕಂಪ ಸಂಹಿತೆಯಲ್ಲಿ ಚೆನ್ನೈ ಎರಡನೆಯ ವಲಯದಿಂದ ಮೂರನೆಯ ವಲಯಕ್ಕೆ ಏರಿತು. ತ್ರಿಪ್ಲಿಕೇನಿನ ಇಕ್ಕಟ್ಟಾದ ಬೀದಿಗಳಲ್ಲಿ ಗೋಡೆಯೇ ಭಾರ ಹೊರುವ ಹಳೆಯ ಮನೆಗಳ ನಡುನಡುವೆ ಕಾಂಕ್ರೀಟ್ ಚೌಕಟ್ಟಿನ ಕಟ್ಟಡಗಳು ಎದ್ದಿವೆ. ಬೆಂಗಳೂರು, ಮಂಗಳೂರುಗಳ ಬೀದಿಗಳ ಸ್ಥಿತಿಯೂ ಭಿನ್ನವಲ್ಲ. ಅಂಗಡಿಗಾಗಿ ಗೋಡೆಯೊಂದನ್ನು ಒಡೆಯುವ ಮಾಲೀಕನಿಗೂ, ಒಡೆಯಲು ಒಪ್ಪುವ ಮೇಸ್ತ್ರಿಗೂ ಲೆಕ್ಕ ತಿಳಿಯಬೇಕಾಗಿಲ್ಲ. ಆದರೆ ಆ ಗೋಡೆ ಏನನ್ನು ತಡೆಯುತ್ತಿತ್ತು ಎಂಬುದನ್ನು ಅವರ ಮಾತಿನಲ್ಲಿ ಹೇಳಬಲ್ಲ ಇಂಜಿನಿಯರು ಇರಬೇಕು. ತಾನು ಕಲಿತ ವಿಷಯವನ್ನು ತಾಯ್ನುಡಿಯಲ್ಲಿ ಒಮ್ಮೆಯೂ ಓದದವನಿಗೆ ಅದು ಸಾಧ್ಯವಾಗುವುದು ಕಷ್ಟ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಸಂಹಿತೆಗಳೂ ಉದ್ಯೋಗವೂ ಇಂಗ್ಲಿಷಿನಲ್ಲಿರುವಾಗ ಕನ್ನಡದ ಪಾಠದಿಂದ ಪ್ರಯೋಜನವೇನು ಎಂಬುದು ಮೊದಲನೆಯದು. ಇಂಗ್ಲಿಷನ್ನು ಬಿಡಬೇಕೆಂದು ಯಾರೂ ಹೇಳುತ್ತಿಲ್ಲ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಪಾಲಿಟೆಕ್ನಿಕ್‌ಗೆ ಬರುವ ವಿದ್ಯಾರ್ಥಿಗೆ ವಿಷಯವೂ ಭಾಷೆಯೂ ಏಕಕಾಲಕ್ಕೆ ಅಪರಿಚಿತವಾಗಬಾರದು ಎಂಬುದಷ್ಟೇ ಇಲ್ಲಿನ ವಾದ. ಗಣಕಯಂತ್ರವೇ ಲೆಕ್ಕ ಮಾಡುವಾಗ ಕ್ರಾಸನ ಕ್ರಮವೇಕೆ ಎಂಬುದು ಎರಡನೆಯದು. ಯಂತ್ರ ಕೊಟ್ಟ ಉತ್ತರದಲ್ಲಿ ಅಡ್ಡ ಬಲಗಳ ಮೊತ್ತ ಸೊನ್ನೆಯಾಗಿದೆಯೇ, ವಾಲದೆಂಬ ನಿಬಂಧನೆ ನಿಜಕ್ಕೂ ಸಲ್ಲುತ್ತದೆಯೇ ಎಂದು ಕೇಳಬೇಕಾದವನು ಮನುಷ್ಯನೇ. ಆ ಪ್ರಶ್ನೆಯನ್ನು ಕೇಳುವ ಅಭ್ಯಾಸ ಕೈಲೆಕ್ಕದಿಂದ ಬರುತ್ತದೆ.

ನೆರೆಯ ಭಾಷೆಯ ನಿದರ್ಶನವೂ ಕಣ್ಣೆದುರಿಗಿದೆ. ಅಣ್ಣಾ ವಿಶ್ವವಿದ್ಯಾಲಯವು 2010ರಲ್ಲಿಯೇ ಸಿವಿಲ್ ಮತ್ತು ಮೆಕ್ಯಾನಿಕಲ್ ಶಾಖೆಗಳಲ್ಲಿ ತಮಿಳು ಮಾಧ್ಯಮವನ್ನು ಆರಂಭಿಸಿತು. ಭಾರತೀಯ ಭಾಷೆಗಳಲ್ಲಿ ಇಂಜಿನಿಯರಿಂಗ್ ಬೋಧನೆಗೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು 2021ರಲ್ಲಿ ಅವಕಾಶ ನೀಡಿದಾಗ ಆ ಪಟ್ಟಿಯಲ್ಲಿ ಕನ್ನಡವೂ ಸೇರಿತ್ತು. ಅವಕಾಶವಿದ್ದ ಮಾತ್ರಕ್ಕೆ ಪಠ್ಯ ಹುಟ್ಟುವುದಿಲ್ಲ. ಪದಪಟ್ಟಿಗಳನ್ನು ಅಚ್ಚುಹಾಕಿದ ಮಾತ್ರಕ್ಕೂ ಅದು ಹುಟ್ಟುವುದಿಲ್ಲ.

ಕನ್ನಡಕ್ಕೆ ಈ ಕೆಲಸ ಹೊಸದಲ್ಲ. 12ನೆಯ ಶತಮಾನದ ರಾಜಾದಿತ್ಯ ‘ವ್ಯವಹಾರಗಣಿತ’ದಲ್ಲಿ ಲೆಕ್ಕದ ಸೂತ್ರಗಳನ್ನು ಉದಾಹರಣೆಗಳೊಡನೆ ಕನ್ನಡದಲ್ಲಿ ನಿರೂಪಿಸಿದ. ಸಂಸ್ಕೃತದ ಪರಿಭಾಷೆಯನ್ನು ಅವನು ನಿಸ್ಸಂಕೋಚವಾಗಿ ಬಳಸಿದ. ಆದರೆ ಮಾಡುವ ಕ್ರಮವನ್ನು ಹೇಳುವ ಕ್ರಿಯಾಪದ ಕನ್ನಡದ್ದಾಗಿತ್ತು. ಇಂದು ಇಂಗ್ಲಿಷಿನಿಂದ ಬಂದ ‘ಮೊಮೆಂಟ್’ಗೂ ಅದೇ ನ್ಯಾಯ ಸಲ್ಲಬೇಕು.

ಹೀಗಿರುವಾಗ ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳು ಪದಸೃಷ್ಟಿಯ ಸಮಿತಿಗಳಲ್ಲಿ ಕುಳಿತೇಳುವುದಕ್ಕಿಂತ, ಇಂಜಿನಿಯರಿಂಗ್ ಅಧ್ಯಾಪಕರೊಡನೆ ಸೇರಿ ಒಂದೊಂದು ಪಾಠವನ್ನು ಮೊದಲಿನಿಂದ ಕೊನೆಯವರೆಗೆ, ಬಿಡಿಸಿದ ಲೆಕ್ಕಗಳ ಸಮೇತ, ಬರೆಯುವುದು ಅಗತ್ಯ. ಕರಡನ್ನು ಪಾಲಿಟೆಕ್ನಿಕ್ ವಿದ್ಯಾರ್ಥಿಯೊಬ್ಬನ ಕೈಗಿತ್ತು, ಅವನು ಯಾವ ವಾಕ್ಯದಲ್ಲಿ ನಿಂತನೆಂದು ನೋಡಿ ತಿದ್ದಬೇಕು. ಬಾಗು, ತಿರುಗು, ವಾಲು, ಹಂಚು, ಸಾಗು ಎಂಬ ಧಾತುಗಳ ಅರ್ಥಚ್ಛಾಯೆಗಳನ್ನು ಬಲ್ಲವರು ಕನ್ನಡ ವಿದ್ವಾಂಸರೇ. ಅವುಗಳನ್ನು ಎಲ್ಲಿ ಬಳಸಬೇಕೆಂಬುದನ್ನು ಬಲ್ಲವರು ಇಂಜಿನಿಯರರು. ಕಿಟ್ಟೆಲರ ನಿಘಂಟನ್ನು ಪರಿಷ್ಕರಿಸಿದ ನೆಲದಲ್ಲಿ ಇಂಥದೊಂದು ಪಾಠಮಾಲೆ ಆರಂಭವಾಗುವುದಾದರೆ, ಅದರ ಮೊದಲ ಪಾಠ ಒಂದು ತೊಲೆ, ಎರಡು ಕಂಬಗಳ ಈ ಚಿಕ್ಕ ಚೌಕಟ್ಟೇ ಆಗಬಹುದು.